ತಿರುಗಿ ಬರುವ ಕರೆ
ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ಬರೆದುಕೊಡುವವರಿದ್ದಾರೆ. ರೂಢಿ ಬದಲಿಸಿಕೊಳ್ಳುವಾಗ ಜೊತೆಗಿರುವವರು ಕಡಿಮೆ. 'ಉಪ್ಪು ಕಮ್ಮಿ ಮಾಡಿ, ಹೊಗೆಸೊಪ್ಪು ಬಿಡಿ' ಎನ್ನಲು ಅರೆನಿಮಿಷ ಸಾಕು, ಪಾಲಿಸುವುದು ಮಾತ್ರ ದಿನದಿನದ ಹೋರಾಟ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚದೊಳಗೆ. ಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯದ ಮಲೆನಾಡಿನ ಮನೆಗೆ ಇದು ಸಣ್ಣ ಮಾತಲ್ಲ. ಅಡಿಕೆ ತೋಟದಲ್ಲೇ ಬದುಕುವವರಿಗೆ ಹೊಗೆಸೊಪ್ಪಿನ ಕವಳ ಬಿಡುವುದು ಇನ್ನೂ ಕಷ್ಟ. ಇಂಥಲ್ಲಿ ಫೋನು ದೊಡ್ಡ ಆಸರೆ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ಅಲ್ಲಿನ ಆಪ್ತಸಮಾಲೋಚಕರು ತಂಬಾಕು ಬಿಡುವ ದಿನವನ್ನು ನಿಮ್ಮೊಂದಿಗೇ ಗೊತ್ತುಮಾಡಿ, ಆಮೇಲೆ ತಾವಾಗಿಯೇ ಕರೆ ಮಾಡಿ ವಿಚಾರಿಸುತ್ತಾರೆ. ಈ ತಿರುಗಿ ಬರುವ ಕರೆಯೇ ಮದ್ದಿನ ಅರ್ಧ ಪಾಲು. ಯಾರೋ ಕೇಳುತ್ತಾರೆ ಎಂಬ ಭರವಸೆ ಕೈಯನ್ನು ಎಲೆಪೆಟ್ಟಿಗೆಯಿಂದ ಹಿಂದೆಳೆಯುತ್ತದೆ. ದೀರ್ಘ ಕಾಯಿಲೆಯ ಹಿಂದೆಯೇ ಬರುವ ಮನಸ್ಸಿನ ಕುಗ್ಗುವಿಕೆಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಇದೆ. ಉಪ್ಪಿಗೆ, ನಡಿಗೆಗೆ, ಮಾತ್ರೆ ತಪ್ಪಿಸದಿರುವುದಕ್ಕೂ ಇಂಥದೇ ತಿರುಗಿ ಬರುವ ಕರೆ ಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಪ್ರತಿ ರೋಗಿಗೂ ವಾರಕ್ಕೊಂದು ಫೋನು ಹೋಗಲಿ: 'ಅಮ್ಮಾ, ಈ ವಾರ ಹೇಗಿದ್ದೀರಿ?' ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಬರಲಾಗದ ಜೀವಕ್ಕೆ ಆ ಒಂದು ಪ್ರಶ್ನೆ ಎಷ್ಟು ದೊಡ್ಡದು!