ಪಾಸರ್‌ಗಳನ್ನು ಊರಲ್ಲೇ ಉಳಿಸಿಕೊಳ್ಳಬೇಕು

2000ನೇ ಇಸವಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಟೆಂಪಲ್ ವಿಶ್ವವಿದ್ಯಾಲಯ ತನ್ನ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಹುಡುಕುತ್ತಿತ್ತು. ಅದೇ ಊರಿನ ಬಡವರ ಸರಕಾರಿ ವಸತಿಗಳಲ್ಲಿ ಬೆಳೆದ ಡಾನ್ ಸ್ಟೇಲಿಗೆ ಆಗ 30 ವರ್ಷ. ಕೋಚ್ ಆಗುವ ಆಸೆ ಅವರಿಗಿರಲಿಲ್ಲ, ಆಟವೂ ಮುಗಿದಿರಲಿಲ್ಲ. ಮೊದಲು ಬೇಡವೆಂದರು, ಬಿಡದೆ ಕೇಳಿದಾಗ ಒಪ್ಪಿದರು. ಮುಂದಿನ ಆರು ವರ್ಷ ಬೇಸಗೆಯಲ್ಲಿ ವೃತ್ತಿಪರ ಲೀಗಿನ ಆಟಗಾರ್ತಿ, ಚಳಿಗಾಲದಲ್ಲಿ ಕಾಲೇಜು ಹುಡುಗಿಯರ ಕೋಚ್. ಆ ನಡುವೆಯೇ ಸಿಡ್ನಿ, ಅಥೆನ್ಸ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ. 2004ರ ಅಥೆನ್ಸ್ ಉದ್ಘಾಟನೆಯ ದಿನ ಅಮೆರಿಕದ ಧ್ವಜ ಹಿಡಿದು ಮುಂದೆ ನಡೆದವರು ಅವರೇ.

ಸ್ಟೇಲಿ ಆಡುತ್ತಿದ್ದುದು ಪಾಯಿಂಟ್ ಗಾರ್ಡ್ ಆಗಿ. ಎತ್ತರ 1.68 ಮೀಟರ್, ಆರಡಿ ದಾಟಿದವರ ನಡುವೆ ಗಿಡ್ಡವೇ. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ. ಅಂತಾರಾಷ್ಟ್ರೀಯ ನಿಯಮದಂತೆ ಚೆಂಡನ್ನು ತಮ್ಮ ಅರ್ಧದಿಂದ ಆಚೆಗೆ ದಾಟಿಸಲು ಸಿಗುವುದು 8 ಸೆಕೆಂಡ್, ಬುಟ್ಟಿಯತ್ತ ಎಸೆಯಲು ಒಟ್ಟು 24 ಸೆಕೆಂಡ್. ಅಷ್ಟರೊಳಗೆ ಯಾರು ಎತ್ತ ಓಡಬೇಕು, ಯಾರಿಗೆ ಯಾರು ಅಡ್ಡ ನಿಂತು ದಾರಿ ಬಿಡಿಸಿಕೊಡಬೇಕು, ಇವತ್ತು ಯಾರ ಕೈ ಓಡುತ್ತಿದೆ, ಎದುರಿನವರಲ್ಲಿ ನಾಲ್ಕು ಫೌಲ್ ಆಗಿ ಐದನೆಯದಕ್ಕೆ ಹೆದರಿ ಆಡುತ್ತಿರುವವರು ಯಾರು ಎಂಬ ಲೆಕ್ಕವೆಲ್ಲ ಪಾಯಿಂಟ್ ಗಾರ್ಡಿನ ತಲೆಯಲ್ಲಿರಬೇಕು. ಬದಿಯಲ್ಲಿ ನಿಂತ ಕೋಚ್ ಹೇಳಿದ್ದನ್ನು ಅಂಕಣದೊಳಗೆ ನಡೆಸಿಕೊಡುವ ಕೆಲಸ ಅದು.

ಉಡುಪಿ ಜಿಲ್ಲೆಯ ಶಿರೂರು, ಬೈಂದೂರು, ಮರವಂತೆಯ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ವಾಲಿಬಾಲ್‌ನಲ್ಲಿ ಎರಡನೇ ಚೆಂಡು ಮುಟ್ಟುವ ಪಾಸರ್ ಮಾಡುವುದು ಬಹುಮಟ್ಟಿಗೆ ಅದೇ ಕೆಲಸ. ಎರಡೂ ಆಟಗಳು ಹುಟ್ಟಿದ್ದೂ ಅಕ್ಕಪಕ್ಕದಲ್ಲೇ. ಬಾಸ್ಕೆಟ್‌ಬಾಲ್ 1891ರಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದರೆ, ವಾಲಿಬಾಲ್ 1895ರಲ್ಲಿ ಅಲ್ಲಿಗೆ ಹತ್ತಿರದ ಹೋಲಿಯೋಕ್‌ನಲ್ಲಿ, ಎರಡೂ ವೈಎಂಸಿಎಯ ದೈಹಿಕ ಶಿಕ್ಷಕರ ಕೈಯಲ್ಲಿ. ಮೀನುಗಾರಿಕೆಯ ದೋಣಿಯಲ್ಲಿ ತಾಂಡೇಲ ಇದ್ದಂತೆ ಈ ಪಾಸರ್: ಬಲೆ ಎಳೆಯುವ ತೋಳು ಬೇರೆಯವರದು, ಎಲ್ಲಿ, ಯಾವಾಗ ಬಿಡಬೇಕೆಂಬ ತೀರ್ಮಾನ ಅವನದು.

ಇಂಥ ಜಾಗದಲ್ಲಿ ಹತ್ತಿಪ್ಪತ್ತು ವರ್ಷ ಆಡಿದವರ ಬಳಿ ಒಂದು ವಿದ್ಯೆ ಸಂಗ್ರಹವಾಗಿರುತ್ತದೆ. ಅದನ್ನು ಮಕ್ಕಳಿಗೆ ದಾಟಿಸುವ ದಾರಿಯೊಂದನ್ನು ಕರಾವಳಿಯ ಊರುಗಳು ಮಾಡಿಕೊಳ್ಳಬೇಕು. ಅದಕ್ಕೆ ಸಂಬಳ ಕೊಡಬೇಕು, ಆ ಕೆಲಸಕ್ಕೆ ತಕ್ಕ ತರಬೇತಿಯನ್ನೂ ಕೊಡಿಸಬೇಕು. ಸ್ಟೇಲಿಯ ಬದುಕು ಇಲ್ಲಿ ಪ್ರಸ್ತುತವಾಗುವುದು ಅದಕ್ಕಾಗಿ.

ಆಟಗಾರ್ತಿಯಾಗಿ ಅವರು ಸೋಲನ್ನೂ ಚೆನ್ನಾಗಿ ಬಲ್ಲವರು. ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವನ್ನು 1990, 91, 92ರಲ್ಲಿ ಸತತ ಮೂರು ಸಲ ರಾಷ್ಟ್ರೀಯ ಕಾಲೇಜು ಟೂರ್ನಿಯ ಕೊನೆಯ ನಾಲ್ಕರ ಘಟ್ಟಕ್ಕೆ ಕೊಂಡೊಯ್ದರು, ಪ್ರಶಸ್ತಿ ಒಮ್ಮೆಯೂ ಸಿಗಲಿಲ್ಲ. 1991ರ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯವರೆಗೆ ಹೋರಾಡಿ ಟೆನೆಸ್ಸಿಗೆ ಸೋತರು. ಸೋತ ತಂಡದವರಾಗಿದ್ದರೂ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಅವರಿಗೇ ಬಂತು. ಒಲಿಂಪಿಕ್ಸ್‌ನಲ್ಲಿ 1996ರಿಂದ ಮೂರು ಚಿನ್ನ ಗೆದ್ದರೂ ಕಾಲೇಜು ಪ್ರಶಸ್ತಿಯ ಆ ಕೊರತೆ ಉಳಿದೇ ಇತ್ತು.

2008ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೋದರು. ಮೊದಲ ವರ್ಷ 10 ಗೆಲುವು, 18 ಸೋಲು. ಆಡಳಿತದವರು ಅವರನ್ನು ಬದಲಾಯಿಸಲಿಲ್ಲ. ರಾಷ್ಟ್ರೀಯ ಪ್ರಶಸ್ತಿ ಬಂದದ್ದು 2017ರಲ್ಲಿ, ಅಂದರೆ ಒಂಬತ್ತನೇ ಋತುವಿನಲ್ಲಿ. ಮತ್ತೆ 2022ರಲ್ಲಿ, ಮತ್ತೆ 2024ರಲ್ಲಿ ಗೆದ್ದರು. 2023-24ರ ಋತುವಿನಲ್ಲಿ ಅವರ ತಂಡ 38 ಪಂದ್ಯ ಆಡಿ 38ನ್ನೂ ಗೆದ್ದಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳೆಯರು ಜಪಾನನ್ನು 90-75ರಿಂದ ಸೋಲಿಸಿ ಚಿನ್ನ ಗೆದ್ದಾಗ ಕೋಚ್ ಸ್ಥಾನದಲ್ಲಿದ್ದವರೂ ಸ್ಟೇಲಿ.

ಅವರ ಒಂದು ನಡೆಯನ್ನು ಮಾತ್ರ ಹತ್ತಿರದಿಂದ ನೋಡಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಪ್ರಶಸ್ತಿ ಗೆದ್ದ ತಂಡ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿಕೊಳ್ಳುವ ವಾಡಿಕೆ ಇದೆ. 1999ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯವನ್ನು ಗೆಲ್ಲಿಸಿ, ಈ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳಾ ಕೋಚ್ ಎನಿಸಿದ್ದ ಕ್ಯಾರೊಲಿನ್ ಪೆಕ್ ತಮ್ಮ ಬಲೆಯ ತುಂಡೊಂದನ್ನು ಸ್ಟೇಲಿಗೆ ಕೊಟ್ಟು, ನೀನು ಗೆದ್ದಾಗ ವಾಪಸು ಕೊಡು ಎಂದಿದ್ದರು. ಸ್ಟೇಲಿ ಗೆದ್ದ ಮೇಲೆ ತಮ್ಮ 2017ರ ಬಲೆಯನ್ನು ಚೂರು ಚೂರು ಮಾಡಿ, ದೇಶದ ಮೇಲ್ದರ್ಜೆಯ ಕಾಲೇಜು ತಂಡಗಳಿಗೆ ಕೋಚ್ ಆಗಿದ್ದ ಕಪ್ಪು ಮಹಿಳೆಯರೆಲ್ಲರಿಗೂ ಅಂಚೆಯಲ್ಲಿ ಕಳಿಸಿದರು. ಅವರಲ್ಲಿ ಹಲವರು ಅವರದೇ ಎದುರಾಳಿಗಳು. ಪಾಸ್ ಕೊಡುವ ಅಭ್ಯಾಸ ಆಟ ನಿಲ್ಲಿಸಿದ ಮೇಲೂ ಹೋಗಿರಲಿಲ್ಲ.

ನಮ್ಮ ರಾಜ್ಯದಲ್ಲೇ ಇಂಥ ಗುಣದ ಕೋಚ್ ಒಬ್ಬರಿದ್ದಾರೆ, ಆಟ ಬೇರೆ ಅಷ್ಟೆ. 2018ರಲ್ಲಿ ಭಾರತ 19ರ ಕೆಳಗಿನವರ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಮಂಡಳಿ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಪ್ರಕಟಿಸಿತು. ದುಡಿದವರಿಗೆಲ್ಲ ಸಮನಾಗಿರಲಿ ಎಂದು ದ್ರಾವಿಡ್ ಪಟ್ಟು ಹಿಡಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷ ಆಯಿತು. ಆಡುವ ದಿನಗಳಲ್ಲೂ ತಂಡಕ್ಕೆ ಬೇಕೆಂದಾಗ ವಿಕೆಟ್ ಹಿಂದೆ ಕೈಗವಸು ಹಾಕಿ ನಿಂತವರು ಅವರು.

ಆದರೆ ಚೆನ್ನಾಗಿ ಪಾಸ್ ಕೊಟ್ಟವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದುಕೊಂಡರೆ ತಪ್ಪಾಗುತ್ತದೆ. ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಐದು ಪ್ರಶಸ್ತಿ ತಂದುಕೊಟ್ಟ ಮ್ಯಾಜಿಕ್ ಜಾನ್ಸನ್‌ಗಿಂತ ದೊಡ್ಡ ಪಾಯಿಂಟ್ ಗಾರ್ಡ್ ಯಾರು? ಅವರು 1994ರಲ್ಲಿ ಅದೇ ತಂಡಕ್ಕೆ ಕೋಚ್ ಆದರು. ನಡೆಸಿದ್ದು 16 ಪಂದ್ಯ. ಐದರಲ್ಲಿ ಗೆಲುವು, 11ರಲ್ಲಿ ಸೋಲು, ಅಲ್ಲಿಗೆ ಮುಗಿಯಿತು. ತನಗೆ ಸಹಜವಾಗಿ ಬಂದದ್ದನ್ನು ಬಿಡಿಸಿ ಹೇಳುವುದು ಬೇರೆಯೇ ಕಸುಬು. ಇನ್ನೊಬ್ಬ ಹೆಸರಾಂತ ಪಾಯಿಂಟ್ ಗಾರ್ಡ್ ಜೇಸನ್ ಕಿಡ್ 2013ರಲ್ಲಿ ಆಟ ಬಿಟ್ಟ ಕೆಲವೇ ದಿನಗಳಲ್ಲಿ ಬ್ರೂಕ್ಲಿನ್ ತಂಡದ ಮುಖ್ಯ ಕೋಚ್ ಆದರು. ಒಂದೇ ಋತುವಿಗೆ ಅಲ್ಲಿಂದ ಮಿಲ್ವಾಕಿಗೆ ಹೋದರು. 2018ರ ಜನವರಿಯಲ್ಲಿ ಮಿಲ್ವಾಕಿಯವರು ಅವರನ್ನು ಕೈಬಿಟ್ಟರು. ಆಗ ಕಿಡ್ ಮಾಡಿದ್ದು ದೊಡ್ಡ ಹೆಸರಿನವರು ಸುಲಭಕ್ಕೆ ಮಾಡದ ಕೆಲಸ: ಲೇಕರ್ಸ್‌ನಲ್ಲಿ ಇನ್ನೊಬ್ಬರ ಕೈಕೆಳಗೆ ಸಹಾಯಕ ಕೋಚ್ ಆಗಿ ಎರಡು ಋತು ದುಡಿದರು. 2020ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಿತು. 2021ರಲ್ಲಿ ಡಲ್ಲಾಸ್‌ಗೆ ಮುಖ್ಯ ಕೋಚ್ ಆಗಿ ಮರಳಿ, 2024ರಲ್ಲಿ ಆ ತಂಡವನ್ನು ಫೈನಲ್ಸ್ ತನಕ ಒಯ್ದರು. ಬೋಸ್ಟನ್ ಎದುರು ಸೋತರೂ, ಮೊದಲ ಸರದಿಯ ಕಿಡ್ ಬೇರೆ, ಎರಡನೇ ಸರದಿಯ ಕಿಡ್ ಬೇರೆ ಎಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ಇನ್ನು ನಮ್ಮ ಕರಾವಳಿಯ ಮಾತು. ಉಡುಪಿ ಜಿಲ್ಲೆಯ ಉತ್ತರದ ಅಂಚಾದ ಶಿರೂರಿನಲ್ಲಿ ಹೆದ್ದಾರಿ 66ರ ಟೋಲ್‌ಗೇಟ್ ದಾಟಿದರೆ ಮುಂದೆ ಭಟ್ಕಳ. ಅಳ್ವೆಗದ್ದೆಯ ಮೀನುಗಾರರ ಮನೆಗಳು, ಗಲ್ಫ್‌ನಲ್ಲಿ ದುಡಿಯುವವರ ಮನೆಗಳು, ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ ಹೋದವರ ಮನೆಗಳು ಇಲ್ಲಿ ಒಟ್ಟೊಟ್ಟಿಗಿವೆ. ಮಳೆ ನಿಂತು ಗದ್ದೆ ಕೊಯ್ಲಾದ ಮೇಲೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ತಾಲೂಕುಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳ ಕಾಲ. ನಗದು ಬಹುಮಾನ, ಶಾಶ್ವತ ಫಲಕ, ಮೈಕಿನಲ್ಲಿ ವೀಕ್ಷಕ ವಿವರಣೆ. ಕೊನೆಗೆ ಉತ್ತಮ ಹೊಡೆತಗಾರ, ಉತ್ತಮ ಪಾಸರ್ ಎಂದು ಬಿಡಿ ಬಹುಮಾನ. ಜನ ಸೇರುತ್ತಾರೆ, ಊರು ಒಂದಾಗುತ್ತದೆ. ಇದು ಬೆಲೆಯುಳ್ಳ ಸಂಪ್ರದಾಯ.

ಕೊರತೆ ಇರುವುದು ಪಂದ್ಯಾಟದ ಮರುದಿನ. ದೀಪದ ಕಂಬ ಕಿತ್ತ ಮೇಲೆ ಅದೇ ಅಂಕಣದಲ್ಲಿ ಸಂಜೆ ಐದಕ್ಕೆ ಹತ್ತು ಹನ್ನೆರಡರ ಮಕ್ಕಳು ಚೆಂಡು ಹಿಡಿದು ಬಂದರೆ ಬೆರಳನ್ನು ಹೇಗೆ ಅಗಲಿಸಬೇಕು, ಚೆಂಡಿನ ಕೆಳಗೆ ಕಾಲು ಎಷ್ಟು ಬೇಗ ಬಂದಿರಬೇಕು, ಹಿಂದಿನವರನ್ನು ನೋಡದೆಯೇ ಹಿಂದಕ್ಕೆ ಹೇಗೆ ಎತ್ತಬೇಕು ಎಂದು ತೋರಿಸುವವರು ಯಾರು? ಹಲವು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಇದ್ದಲ್ಲಿಯೂ ಒಬ್ಬರೇ ಮಾಷ್ಟ್ರು ಖೋಖೋದಿಂದ ಕಬಡ್ಡಿಯವರೆಗೆ ಎಲ್ಲವನ್ನೂ ಕಲಿಸಿ ವಲಯ ಮಟ್ಟ, ತಾಲೂಕು ಮಟ್ಟಕ್ಕೆ ತಂಡ ಕಟ್ಟಬೇಕು. ಕಲಿಸಬಲ್ಲ ಪಾಸರ್ ಅಷ್ಟರಲ್ಲಿ ದುಬೈಯ ಅಂಗಡಿಯಲ್ಲೋ ಬೆಂಗಳೂರಿನ ಹೋಟೆಲಿನಲ್ಲೋ ಇರುತ್ತಾನೆ. ಮನೆ ನಡೆಯಬೇಕಲ್ಲ, ಅವನನ್ನು ದೂರುವಂತಿಲ್ಲ.

ಕಲಿಸುವ ಕೋಚ್ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಈ ನೆಲವೇ ನೋಡಿದೆ. ವಂಡ್ಸೆ ಕಡೆಯ ಗುರುರಾಜ ಪೂಜಾರಿ ಕುಸ್ತಿಪಟುವಾಗುವ ಆಸೆಯಲ್ಲಿದ್ದ ಹುಡುಗ. ತಂದೆ ವಾಹನ ಚಾಲಕ. ನೂರು ಕಿಲೋಮೀಟರ್‌ಗೂ ದೂರದ ಉಜಿರೆಯ ಎಸ್.ಡಿ.ಎಂ. ಕಾಲೇಜಿಗೆ ಹೋದ ಮೇಲೆ ಅಲ್ಲಿ ಕಲಿಸುವವರು ಸಿಕ್ಕಿ ಭಾರ ಎತ್ತುವುದಕ್ಕೆ ತೊಡಗಿದರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆ.ಜಿ. ಎತ್ತಿ ಕಂಚು. ಉಜಿರೆಗೆ ಹೋಗದೇ ಇದ್ದಿದ್ದರೆ ಆ ತೋಳುಗಳ ಬಲ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ತಿಳಿಯದೇ ಹೋದವರು ಎಷ್ಟು ಮಂದಿಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಕಲಿಸುವುದನ್ನು ಕಲಿಯಲು ದಾರಿಗಳಿವೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚ್‌ಗಳಿಗೆ ಡಿಪ್ಲೊಮಾವನ್ನೂ ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತ ಬಂದಿದೆ. ಕೇಂದ್ರ ಸರಕಾರ 2020ರಲ್ಲಿ ದೇಶದಾದ್ಯಂತ 1,000 ಖೇಲೋ ಇಂಡಿಯಾ ಕೇಂದ್ರಗಳನ್ನು ಪ್ರಕಟಿಸಿ, ಅವನ್ನು ಹಿಂದಿನ ಚಾಂಪಿಯನ್ನರ ಕೈಗೆ ಕೊಡುವುದಾಗಿ ಹೇಳಿತು. ಆಟ ಬಿಟ್ಟವರಿಗೆ ಕೋಚ್ ಆಗಿ ಬದುಕು ಕಟ್ಟಿಕೊಡುವ ಈ ಯೋಚನೆ ತುಂಬ ಸರಿಯಾದದ್ದು. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಪದಕ, ಪ್ರಾತಿನಿಧ್ಯ. ಹಳ್ಳಿಯ ಪಾಸರ್‌ನ ಬಳಿ ಅವೆರಡೂ ಇರುವುದಿಲ್ಲ. ಆದ್ದರಿಂದ ಅವನ ಹೊಣೆಯನ್ನು ಊರೇ ಹೊರಬೇಕು.

ಹೊರಲಾಗದಷ್ಟು ಭಾರವೇನೂ ಅಲ್ಲ. ಪ್ರತಿ ಪಂದ್ಯಾಟದ ಬಜೆಟ್ಟಿನಲ್ಲಿ ಬಹುಮಾನ, ದೀಪ, ಧ್ವನಿವರ್ಧಕಗಳ ಜತೆಗೆ ಕೋಚ್ ಸಂಬಳಕ್ಕೆಂದು ಒಂದು ಪಾಲು ತೆಗೆದಿಡಬೇಕು. ಒಂದು ಕ್ಲಬ್ಬಿನಿಂದ ಆಗದಿದ್ದರೆ ಸುತ್ತಲಿನ ನಾಲ್ಕೈದು ಕ್ಲಬ್‌ಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಊರಿಗೆ ಹಣ ಕಳಿಸುವ ಗಲ್ಫ್ ಸಂಘಟನೆಗಳು, ಜಾತ್ರೆ ನಡೆಸುವ ಸಮಿತಿಗಳು, ಪಂಚಾಯತಿ, ಎಲ್ಲರಿಗೂ ಇದರಲ್ಲಿ ಪಾಲಿರಬೇಕು. ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಆಡುವಂತಿಲ್ಲ. ಶಾಲೆಯ ಮೈದಾನಕ್ಕೊಂದು ತಗಡಿನ ಮಾಡು ಹಾಕಿಸಿದರೆ ಆ ನಾಲ್ಕು ತಿಂಗಳೂ ಕಲಿಕೆಗೆ ಸಿಗುತ್ತವೆ. ಮಾಡಿನಡಿ ಒಂದು ಬದಿಗೆ 3.05 ಮೀಟರ್ ಎತ್ತರದಲ್ಲಿ ಬಾಸ್ಕೆಟ್‌ಬಾಲ್ ಬುಟ್ಟಿಯನ್ನೂ ಹಾಕಿಸಿದರೆ ಉಪ್ಪುಗಾಳಿಯಲ್ಲೂ ಬಯಲಿಗಿಂತ ಹೆಚ್ಚು ದಿನ ಬಾಳುತ್ತದೆ, ಮಕ್ಕಳಿಗೆ ಇನ್ನೊಂದು ಆಟವೂ ಸಿಗುತ್ತದೆ.

ಹೆಣ್ಣುಮಕ್ಕಳ ವಿಚಾರದಲ್ಲಿ ಮಾತ್ರ ಇನ್ನು ಕಾಯುವಂತಿಲ್ಲ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ನಡೆದಾಗ ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ನಮ್ಮ ರಾಜ್ಯದಲ್ಲೇ ನಡೆದ ಆ ಪಂದ್ಯದ ನೆನಪು ಕರಾವಳಿಯ ಎಷ್ಟು ಶಾಲೆಗಳಿಗೆ ಮುಟ್ಟಿತು? ಹೊನಲು ಬೆಳಕಿನ ಪಂದ್ಯಾಟ ಬಹುಪಾಲು ಗಂಡಸರದೇ. ಪ್ರೌಢಶಾಲೆಯಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದ ಹುಡುಗಿಗೆ ಪಿಯುಸಿ ಮುಗಿದ ಮೇಲೆ ಅಂಕಣವೇ ಇಲ್ಲ. ಕಲಿಸುವವಳು ಹೆಂಗಸಾಗಿದ್ದರೆ ಮಗಳನ್ನು ಸಂಜೆ ಆರರ ತನಕ ಮೈದಾನದಲ್ಲಿ ಬಿಡಲು ತಾಯಂದಿರು ಹಿಂಜರಿಯುವುದು ಕಡಿಮೆಯಾಗುತ್ತದೆ. ದೀಪಾವಳಿಯ ಹೊತ್ತಿಗೆ ಪಂದ್ಯಾಟ ಸಮಿತಿಗಳು ಸಭೆ ಸೇರಿ ತಂಡಗಳ ಪಟ್ಟಿ ಮಾಡುವಾಗಲೇ ಆರು ವಾರದ ಕೋರ್ಸಿಗೆ ಯಾರನ್ನು ಕಳಿಸಬೇಕು, ಹೋಗಿಬರುವ ಖರ್ಚನ್ನು ಯಾರು ಕೊಡಬೇಕು ಎಂಬುದೂ ತೀರ್ಮಾನವಾಗಲಿ. ಇಬ್ಬರನ್ನು ಕಳಿಸುವುದಾದರೆ ಒಬ್ಬಳು ಹೆಣ್ಣುಮಗಳಾಗಿರಲಿ. ಒಬ್ಬರನ್ನೇ ಕಳಿಸಲು ಸಾಧ್ಯವಿರುವ ಊರು ಮೊದಲು ಅವಳನ್ನೇ ಕಳಿಸಲಿ.