ಹೆರಿಗೆ ಕಾಣದ ಕೈಗೆ ಹೆರಿಗೆಯ ಸರ್ಟಿಫಿಕೇಟ್

ಗಂಡಸಿ ಹೋಬಳಿಯಲ್ಲಿ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮಗಳನ್ನು ನರ್ಸಿಂಗ್‌ಗೆ ಸೇರಿಸುವ ಮನೆಗಳು ಕಡಿಮೆಯೇನಿಲ್ಲ. ಅರಸೀಕೆರೆ, ಹಾಸನ, ತಿಪಟೂರು, ಕೈಲಾದರೆ ಬೆಂಗಳೂರು. ಅಪ್ಪ ಅಮ್ಮ ಫೀಸು ವಿಚಾರಿಸುತ್ತಾರೆ, ಹಾಸ್ಟೆಲ್ ನೋಡುತ್ತಾರೆ. ಈ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯ ಲೇಬರ್ ವಾರ್ಡಿಗೆ ಹೋಗುತ್ತಾರೆ, ಅಲ್ಲಿ ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತವೆ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೂ ನೇರ ಉತ್ತರ ಕೊಡುವ ಸ್ಥಿತಿಯಲ್ಲಿ ಬಹಳ ಕಾಲೇಜುಗಳಿಲ್ಲ.

ಇಷ್ಟು ಹೆರಿಗೆ ನೋಡಬೇಕು, ಇಷ್ಟನ್ನು ಸ್ವತಃ ಮಾಡಿಸಬೇಕು, ಪ್ರತಿಯೊಂದನ್ನೂ ಕೇಸ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಬೇಕು ಎಂಬುದು ಪಠ್ಯಕ್ರಮ. ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲ್ ಕೋಣೆಯಲ್ಲಿ ಸೀನಿಯರ್‌ಗಳ ಪುಸ್ತಕ ನೋಡಿ ಹೆಸರು, ವಯಸ್ಸು, ಮಗುವಿನ ತೂಕ ಬದಲಿಸಿ ಬರೆಯುವ ಕೆಲಸ ನಡೆಯುತ್ತದೆಂಬುದು ಈ ಕ್ಷೇತ್ರದಲ್ಲಿರುವವರಿಗೆ ಗೊತ್ತಿಲ್ಲದ್ದಲ್ಲ. ಇದನ್ನು ಹುಡುಗಿಯರ ಕಳ್ಳತನ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಹೆರಿಗೆಯನ್ನೇ ತೋರಿಸದೆ ಪುಸ್ತಕ ತುಂಬಿಸಿಕೊಂಡು ಬಾ ಎನ್ನುವ ಸಂಸ್ಥೆಯದು ಮೊದಲ ತಪ್ಪು.

ಮೂರು ರೋಗಿಗಳಿಗೆ ಒಬ್ಬ ವಿದ್ಯಾರ್ಥಿ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಅಳತೆ. ಆದರೆ ಸ್ವಂತ ಆಸ್ಪತ್ರೆ ಇಲ್ಲದ ಕಾಲೇಜುಗಳು ಒಂದೇ ಸರ್ಕಾರಿ ಆಸ್ಪತ್ರೆಯ ಹಾಸಿಗೆಗಳನ್ನು ಹಂಚಿಕೊಂಡಾಗ ಈ ಅಳತೆ ಕಾಗದದಲ್ಲೇ ಉಳಿಯುತ್ತದೆ. ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ ಈ ಪರಿಷತ್ತಿಗಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ಹೇಳಿತು. ಆಡಳಿತ ಮಂಡಳಿಗಳು ಸಂಭ್ರಮಿಸಿದವು. ಮಾನ್ಯತೆ ಯಾರು ಕೊಡಬೇಕೆಂಬುದು ಕಾನೂನಿನ ವಿಚಾರ, ಅದನ್ನು ನ್ಯಾಯಾಲಯ ತೀರ್ಮಾನಿಸಲಿ. ಹಾಸಿಗೆ ಇಲ್ಲದೆ ನರ್ಸ್ ತಯಾರಾಗುತ್ತಾಳೆ ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ.

ಇನ್ನೊಂದು ತೊಡಕಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಒಳ್ಳೆಯದೇ. ಆದರೆ ಸಿಸೇರಿಯನ್ ಪ್ರಮಾಣ ನಾಲ್ಕನೇ ಸಮೀಕ್ಷೆಯಲ್ಲಿ ಶೇ 23.6 ಇದ್ದದ್ದು ಐದನೆಯದರಲ್ಲಿ ಶೇ 31.5ಕ್ಕೆ ಏರಿದೆ. ನಾರ್ಮಲ್ ಹೆರಿಗೆಗಳ ಪಾಲು ಕುಗ್ಗುತ್ತಿದೆ, ಕಲಿಯುವವರು ಹೆಚ್ಚುತ್ತಿದ್ದಾರೆ. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್‌ಗಳು ಮುಂದೆ, ಪಿಜಿಗಳು ಅವರಿಗಿಂತ ಮುಂದೆ, ನರ್ಸಿಂಗ್ ಹುಡುಗಿ ಗೋಡೆಗೆ ಒರಗಿ ನಿಂತು ಬಿಪಿ ಬರೆದುಕೊಳ್ಳುತ್ತಾಳೆ. ಹಿಂದಿನ ಕಲಿಕೆ ಹೀಗಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಅಜ್ಜಿಯ ಜೊತೆಗಿದ್ದು ಸೂಲಗಿತ್ತಿತನ ಕಲಿತರು, 2018ರಲ್ಲಿ ಪದ್ಮಶ್ರೀ ಪಡೆದರು. ಕಲಿಸುವವರು ಪಕ್ಕದಲ್ಲಿ ನಿಂತು ಕಲಿಯುವವಳ ಕೈಗೆ ಕೆಲಸ ಕೊಡುವ ಆ ಕ್ರಮಕ್ಕೆ ಬದಲಿ ಇಲ್ಲ.

ಹಾಗಾಗಿ ತಾಲ್ಲೂಕು ಆಸ್ಪತ್ರೆ, ಹೋಬಳಿ ಮಟ್ಟದ ಆಸ್ಪತ್ರೆಗಳಿಗೆ ಮಕ್ಕಳನ್ನು ಕಳಿಸಿ ಎಂಬುದು ನನ್ನ ಒತ್ತಾಯ. ಮೂವತ್ತು ಜನರ ಬ್ಯಾಚ್ ಬೇಡ. ಒಮ್ಮೆಗೆ ಇಬ್ಬರು ಅಥವಾ ಮೂವರು ಹೋಗಲಿ, ರಾತ್ರಿಪಾಳಿಯೂ ಇರಲಿ. ಬೇನೆ ಕಾಲೇಜಿನ ವೇಳಾಪಟ್ಟಿ ನೋಡಿ ಬರುವುದಿಲ್ಲ. ಅಲ್ಲಿಯ ಹಿರಿಯ ಸಿಸ್ಟರ್‌ಗೆ ಕಲಿಸುವ ಹೊಣೆಯ ಜೊತೆಗೆ ಅದಕ್ಕೆ ತಕ್ಕ ಭತ್ಯೆಯನ್ನೂ ಕೊಡಬೇಕು. ಮೊದಲೇ ಕೆಲಸದಲ್ಲಿ ಬೆಂದುಹೋದವರ ಮೇಲೆ ಇದನ್ನು ಪುಕ್ಕಟೆ ಹೇರುವುದು ಅನ್ಯಾಯ.

ಪೋಸ್ಟಿಂಗ್‌ಗೆ ಹೋಗುವ ಹುಡುಗಿಯರಿಗೂ ಒಂದೆರಡು ಮಾತು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗದೆ ಲೇಬರ್ ವಾರ್ಡಿಗೆ ಕಾಲಿಡಬೇಡಿ, ಕಾಲೇಜು ಹಾಕಿಸದಿದ್ದರೆ ಜಗಳವಾಡಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಚುಚ್ಚಿಕೊಂಡರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ, ಎಚ್ಐವಿ ತಡೆ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹತ್ತು ಗರ್ಭಿಣಿಯರ ಸುತ್ತ ಓಡಾಡುವ ಬದಲು ಒಬ್ಬಾಕೆಯ ಒಪ್ಪಿಗೆ ಕೇಳಿ, ಬೇನೆ ಶುರುವಾದಾಗಿನಿಂದ ಅವಳ ಜೊತೆಗಿರಿ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಎಣಿಸಿ ಪಾರ್ಟೋಗ್ರಾಫ್‌ನಲ್ಲಿ ಗುರುತಿಸಿ. ಮಗು ಹುಟ್ಟಿ ಮಾಸು ಬಿದ್ದಮೇಲೆ ಎಲ್ಲರೂ ಮಗುವಿನ ಕಡೆ ತಿರುಗುತ್ತಾರೆ, ನೀವು ತಾಯಿಯ ಹತ್ತಿರವೇ ಉಳಿಯಿರಿ. ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ, ಮೆತ್ತಗಾಗುತ್ತಿದೆಯೇ ಎಂದು ಕಾಲು ಗಂಟೆಗೊಮ್ಮೆ ನೋಡಿ. ಆ ವ್ಯತ್ಯಾಸವನ್ನು ಕೈ ಕಲಿಯಬೇಕು, ಚಿತ್ರ ನೋಡಿದರೆ ಬರುವುದಲ್ಲ. ಡ್ರಿಪ್ ಹಾಕುವ ಮುನ್ನ ಬಾಟಲಿಯ ಬ್ಯಾಚ್ ಸಂಖ್ಯೆ ಬರೆದುಕೊಳ್ಳಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದಮೇಲೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಯದಾಗಿ, ಕೇಸ್ ಬುಕ್ಕಿನಲ್ಲಿ ನೋಡದ ಹೆರಿಗೆಯ ಪುಟವನ್ನು ಖಾಲಿ ಬಿಡಿ.

ಇಷ್ಟು ಬಿಗಿ ಮಾಡಿದರೆ ಕಾಲೇಜುಗಳು ಮುಚ್ಚುತ್ತವೆ, ಬಡವರ ಹೆಣ್ಣುಮಕ್ಕಳಿಗೆ ನಷ್ಟ ಎನ್ನುತ್ತವೆ ಆಡಳಿತ ಮಂಡಳಿಗಳು. ಅದೇ ಬಡ ಹುಡುಗಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ನಡುರಾತ್ರಿ ರಕ್ತಸ್ರಾವದ ಕೇಸು ಎದುರಿಸುತ್ತಾಳೆ. ತಾಯಿಗೆ ಏನಾದರೂ ಆದರೆ ನೋಟಿಸ್ ಬರುವುದು ಅವಳಿಗೆ, ಅವಳ ಕೇಸ್ ಬುಕ್ಕಿಗೆ ಕಣ್ಣುಮುಚ್ಚಿ ಸಹಿ ಹಾಕಿದವರಿಗಲ್ಲ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಹಾಗೆಂದು ದೆಹಲಿಯತ್ತ ನೋಡುತ್ತ ಕೂರುವ ಅಗತ್ಯ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕಾಗಲಿ ರಾಜ್ಯ ನರ್ಸಿಂಗ್ ಪರಿಷತ್ತಿಗಾಗಲಿ ಇಲ್ಲ. ಪ್ರತಿ ಕಾಲೇಜಿನ ಕೇಸ್ ಬುಕ್ಕುಗಳನ್ನು ಆಸ್ಪತ್ರೆಯ ಹೆರಿಗೆ ರಿಜಿಸ್ಟರ್ ಜೊತೆ ತಾಳೆ ಹಾಕಲಿ. ತಾಳೆಯಾಗದ ಕಾಲೇಜಿನ ಸೀಟುಗಳನ್ನು ಮುಂದಿನ ಪ್ರವೇಶದ ಹೊತ್ತಿಗೇ ಕಡಿತ ಮಾಡಲಿ.