ಬೆಲ್ಟ್ ಕಟ್ಟುವ ಹೊತ್ತಿಗೂ ಕೂಲಿ

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಿಗೆ ಮಳೆಗಾಲವೆಂದರೆ ಕೊಳೆರೋಗದ ಕಾಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನಲ್ಲಿ ಮಾಡಿದ ಬೋರ್ಡೋ ದ್ರಾವಣ ಗೊನೆಗೆ ತಾಗಲೇಬೇಕು. ಪಾಚಿ ಹಿಡಿದು ಜಾರುವ ಮರ ಹತ್ತುವವನಿಗೆ ಕಾಲಿಗೆ ತಳೆ, ಕೂರಲು ಮಣೆ, ಅಷ್ಟೇ. ನುರಿತವರಂತೂ ನೆಲಕ್ಕಿಳಿಯದೆ ಮರವನ್ನೇ ಬಗ್ಗಿಸಿ ಪಕ್ಕದ ಮರಕ್ಕೆ ದಾಟಿಬಿಡುತ್ತಾರೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೋ ಮಾರಾಯ ಅಂದರೆ, ‘ಪ್ರತಿ ಮರಕ್ಕೂ ಬಿಚ್ಚಿ ಕಟ್ಟುತ್ತಾ ಕೂತರೆ ಸಂಜೆಯೊಳಗೆ ಎಷ್ಟು ಮರ ಆಗುತ್ತೆ?’ ಎಂಬ ಉತ್ತರ ಸಿದ್ಧ. ಇದನ್ನು ಉಡಾಫೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕೂಲಿ ಮರದ ಲೆಕ್ಕದಲ್ಲಿ ಸಿಗುವಾಗ ಬೆಲ್ಟ್ ಕಟ್ಟಿದ ಹೊತ್ತಿನ ನಷ್ಟವೆಲ್ಲ ಅವನದೇ. ಈಚೆಗೆ ನೆಲದಲ್ಲೇ ನಿಂತು ಮದ್ದು ಹೊಡೆಯುವ, ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೀಳುವ ಭಯ ತಪ್ಪಿತು, ನಿಜ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ತೋಟದ ಮೇಲೆ ಹಾದುಹೋದ ತಂತಿಗೆ ದೋಟಿ ತಾಗಿದರೆ ಹಿಡಿದವನ ಜೀವಕ್ಕೇ ಸಂಚಕಾರ. ಸಾಧನ ಬದಲಾದರೂ ಎಚ್ಚರಿಕೆಯ ಖರ್ಚನ್ನು ಯಾರಾದರೂ ಹೊರಲೇಬೇಕು. ತೋಟದ ಯಜಮಾನರೇ, ಬೆಲ್ಟ್ ತಂದುಕೊಟ್ಟರೆ ಸಾಲದು. ಅದನ್ನು ಕಟ್ಟಿಕೊಳ್ಳುವ ಹೊತ್ತಿಗೂ ಕೂಲಿ ಕೊಡಿ.